ಕಂಪ್ಯೂಟರುಗಳ ಭಾಷೆ ಯಾರ ಸೊತ್ತು?

ಒಂದು ಕಂಪ್ಯೂಟರಿನಲ್ಲಿರುವ ಕಡತವನ್ನು ಇನ್ನೊಂದರಲ್ಲಿ ತೆರೆದು ಓದುವುದು, ಮನೆಮಂದಿಯ ಕಂಪ್ಯೂಟರುಗಳಿಗೆಲ್ಲ ಒಂದೇ ಪ್ರಿಂಟರ್ ಸಾಕಾಗುವುದು ಈಗ ಯಾರಿಗೂ ಸೋಜಿಗವಲ್ಲ. ಆದರೆ ಈ ಸಣ್ಣ ಅನುಕೂಲದ ಹಿಂದೆ ಅರ್ಧ ಶತಮಾನದ ಇತಿಹಾಸವಿದೆ. ಅದರ ನಡುವೆ ದೊಡ್ಡದೊಂದು ವ್ಯಾಜ್ಯವೂ ಇದೆ.

ಹಂಚಿಕೊಳ್ಳುವ ಅಗತ್ಯ ಹುಟ್ಟಿದ್ದು ಯಂತ್ರಗಳ ಬೆಲೆಯಿಂದ. ಕ್ಯಾಲಿಫೋರ್ನಿಯಾದಲ್ಲಿದ್ದ ಜೆರಾಕ್ಸ್ ಕಂಪೆನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ಗ್ಯಾರಿ ಸ್ಟಾರ್ಕ್‌ವೆದರ್ 1971ರಲ್ಲಿ ಲೇಸರ್ ಪ್ರಿಂಟರ್ ಸಿದ್ಧಪಡಿಸಿದರು. ಅಷ್ಟು ದುಬಾರಿ ಯಂತ್ರವನ್ನು ಮೇಜಿಗೊಂದರಂತೆ ಇಡುವುದು ಸಾಧ್ಯವಿರಲಿಲ್ಲ. ಅಲ್ಲಿನ ಕಂಪ್ಯೂಟರುಗಳನ್ನು ಪರಸ್ಪರ ಜೋಡಿಸಿ, ಪ್ರಿಂಟರಿಗೂ ಸಂಪರ್ಕ ಕಲ್ಪಿಸುವ ಹೊಣೆ ರಾಬರ್ಟ್ ಮೆಟ್‌ಕಾಫ್ ಅವರ ಪಾಲಿಗೆ ಬಂತು. ಡೇವಿಡ್ ಬಾಗ್ಸ್ ಜೊತೆಗೂಡಿ ಅವರು 1973ರಲ್ಲಿ ರೂಪಿಸಿದ ವ್ಯವಸ್ಥೆಯೇ ಈಥರ್‌ನೆಟ್.

ತಂತಿ ಎಳೆದರಷ್ಟೇ ಸಾಲದು. ಎರಡು ತುದಿಗಳಲ್ಲಿರುವ ಯಂತ್ರಗಳಿಗೂ ಒಂದೇ ಭಾಷೆ ತಿಳಿದಿರಬೇಕು. 1980ರ ದಶಕದ ಆರಂಭದಲ್ಲಿ ಐಬಿಎಂ ಸಂಸ್ಥೆಯ ಬ್ಯಾರಿ ಫೈಗನ್‌ಬಾಮ್ ಅಂಥ ಒಂದು ಭಾಷೆಯನ್ನು ರಚಿಸಿದರು. ಅದೇ ಎಸ್‌ಎಂಬಿ. ‘ಈ ಕಡತ ತೆರೆ’, ‘ಇಲ್ಲಿಂದ ಇಷ್ಟು ಭಾಗ ಕೊಡು’, ‘ನಾನು ತಿದ್ದಿ ಮುಗಿಸುವ ತನಕ ಬೇರೆಯವರು ಮುಟ್ಟದಂತೆ ನೋಡಿಕೊ’ ಎಂದು ಒಂದು ಯಂತ್ರ ಕೇಳುತ್ತದೆ. ಕೇಳಿದವರಿಗೆ ಅನುಮತಿ ಇದೆಯೇ ಎಂದು ಪರೀಕ್ಷಿಸಿ ಇನ್ನೊಂದು ಉತ್ತರಿಸುತ್ತದೆ. ಪ್ರಿಂಟರಿಗೆ ಬಂದ ಕೆಲಸಗಳು ಸರದಿಯಲ್ಲಿ ಕಾಯುತ್ತವೆ. ಮೈಕ್ರೋಸಾಫ್ಟ್ ಈ ಭಾಷೆಯನ್ನು ಬೆಳೆಸಿತು. ಅದರ 1992ರ ‘ವಿಂಡೋಸ್ ಫಾರ್ ವರ್ಕ್‌ಗ್ರೂಪ್ಸ್’ನಲ್ಲಿ ಈ ಹಂಚಿಕೆಯ ಸೌಲಭ್ಯ ಜೊತೆಯಲ್ಲೇ ಬಂತು.

ತೊಡಕು ಇದ್ದದ್ದು ಇಲ್ಲಿಯೇ. ಈ ಭಾಷೆಯ ಪೂರ್ಣ ವ್ಯಾಕರಣ ಕಂಪೆನಿಯ ಬಳಿ ಮಾತ್ರ ಉಳಿಯಿತು. ವಿಂಡೋಸ್ ಅಲ್ಲದ ಯಂತ್ರ ಕೊಂಡವರು ವಿಂಡೋಸ್ ಬಳಗಕ್ಕೆ ಹೊರಗಿನವರಾದರು.

ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಆಂಡ್ರ್ಯೂ ಟ್ರಿಜೆಲ್ ಬೇರೆ ದಾರಿ ಹಿಡಿದರು. ಡಾಸ್ ಕಂಪ್ಯೂಟರಿನಿಂದ ಯೂನಿಕ್ಸ್ ಯಂತ್ರದ ಡಿಸ್ಕನ್ನು ಬಳಸುವುದು ಅವರ ಉದ್ದೇಶ. ತಂತಿಯಲ್ಲಿ ಹಾಯುವ ಸಂದೇಶಗಳನ್ನು ಗಮನಿಸಿ, ಯಾವ ಪ್ರಶ್ನೆಗೆ ಯಾವ ಉತ್ತರ ಎಂದು ಊಹಿಸಿ, 1992ರ ಆರಂಭದಲ್ಲಿ ಒಂದು ತಂತ್ರಾಂಶ ಹೊರತಂದರು. ಫ್ರೆಂಚ್ ಬಾರದವನು ಕೆಫೆಯಲ್ಲಿ ಕುಳಿತು ಪಕ್ಕದವರ ಮಾತು ಕೇಳಿ ಭಾಷೆ ಕಲಿತಂತೆ ಎಂದು ಮುಂದೆ ಅವರೇ ಇದನ್ನು ವಿವರಿಸಿದ್ದಾರೆ.

ಅನಂತರ ಅವರು ಅದನ್ನು ಬಹುಮಟ್ಟಿಗೆ ಮರೆತಿದ್ದರು. ತಮ್ಮ ಲಿನಕ್ಸ್ ಯಂತ್ರವನ್ನು ಮಡದಿಯ ವಿಂಡೋಸ್ ಕಂಪ್ಯೂಟರಿನೊಡನೆ ಜೋಡಿಸಬೇಕಾದಾಗ ಹಳೆಯ ತಂತ್ರಾಂಶವನ್ನೇ ಪ್ರಯೋಗಿಸಿ ನೋಡಿದರು. ಅದು ಕೆಲಸ ಮಾಡಿತು! 1994ರಲ್ಲಿ ಅದಕ್ಕೆ ಹೊಸ ಹೆಸರು ಬೇಕಾಯಿತು. ಎಸ್, ಎಂ, ಬಿ ಅಕ್ಷರಗಳಿರುವ ಪದಗಳನ್ನು ಕಂಪ್ಯೂಟರಿನ ಪದಪಟ್ಟಿಯಲ್ಲಿ ಹುಡುಕಿದಾಗ ಸಿಕ್ಕ ‘ಸಾಂಬಾ’ ಎಂಬ ನೃತ್ಯದ ಹೆಸರೇ ನಿಂತಿತು. ಯಾರು ಬೇಕಾದರೂ ಬಳಸಬಹುದಾದ, ತಿದ್ದಬಹುದಾದ ಸಾಂಬಾಕ್ಕೆ ನಾನಾ ದೇಶಗಳ ಪ್ರೋಗ್ರಾಮರುಗಳು ಕೈಜೋಡಿಸಿದರು.

ಕಂಪೆನಿ ತನ್ನ ಭಾಷೆಗೆ ಹೊಸ ಪ್ರಯೋಗಗಳನ್ನು ಸೇರಿಸಿದಾಗಲೆಲ್ಲ ಇವರು ಮತ್ತೆ ಕಿವಿಗೊಟ್ಟು ಕಲಿಯಬೇಕಿತ್ತು. ಕೊನೆಗೆ ವ್ಯಾಜ್ಯ ಯುರೋಪಿನಲ್ಲಿ ಇತ್ಯರ್ಥವಾಯಿತು. ಸನ್ ಮೈಕ್ರೋಸಿಸ್ಟಮ್ಸ್ 1998ರಲ್ಲಿ ಸಲ್ಲಿಸಿದ ದೂರಿನ ಮೇಲೆ ಯುರೋಪಿಯನ್ ಕಮಿಷನ್ 2004ರಲ್ಲಿ ಮೈಕ್ರೋಸಾಫ್ಟ್‌ಗೆ ಸುಮಾರು 49.7 ಕೋಟಿ ಯೂರೊ ದಂಡ ವಿಧಿಸಿತು. ಸರ್ವರ್‌ಗಳ ಸಂಭಾಷಣೆಯ ವಿವರಗಳನ್ನು ಪ್ರತಿಸ್ಪರ್ಧಿಗಳಿಗೆ ಕೊಡಬೇಕೆಂದೂ ಆದೇಶಿಸಿತು. 2007ರ ಸೆಪ್ಟೆಂಬರಿನಲ್ಲಿ ಯುರೋಪಿನ ನ್ಯಾಯಾಲಯ ಆ ತೀರ್ಪಿನ ಮುಖ್ಯಾಂಶಗಳನ್ನು ಎತ್ತಿಹಿಡಿಯಿತು. ಅದೇ ಡಿಸೆಂಬರಿನಲ್ಲಿ ಆದ ಒಪ್ಪಂದದಂತೆ 10,000 ಯೂರೊ ಶುಲ್ಕಕ್ಕೆ ಆ ದಾಖಲೆಗಳು ಸಾಂಬಾ ತಂಡಕ್ಕೆ ದೊರೆತವು.

ಇಂದು ಕಡತಗಳನ್ನು ಕೂಡಿಡಲು ಮನೆಗಳಲ್ಲಿ ಬಳಸುವ ಎಷ್ಟೋ ಪುಟ್ಟ ಪೆಟ್ಟಿಗೆಗಳ ಒಳಗೆ ಸಾಂಬಾ ದುಡಿಯುತ್ತಿದೆ. ಯಂತ್ರ ಕೊಂಡವರಿಗೆ ಅದರಲ್ಲಿರುವ ತಮ್ಮದೇ ಕಡತವನ್ನು ಮನೆಯ ಇನ್ನೊಂದು ಯಂತ್ರಕ್ಕೆ ಒಯ್ಯುವ ಸ್ವಾತಂತ್ರ್ಯವೂ ಇರಬೇಕು. ಮಾತಾಡುವ ಭಾಷೆ ಒಬ್ಬರದೇ ಸೊತ್ತಾದರೆ ಆ ಸ್ವಾತಂತ್ರ್ಯ ಅವರ ದಯೆಯ ಮೇಲೆ ನಿಂತಿರುತ್ತದೆ.