ಊತದ ಹಿಂದಿನ ಕಿಂಡಿಗಳು

ಜೇನುನೊಣ ಕುಟುಕಿದ ಜಾಗ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ನೋಯುತ್ತದೆ, ಊದಿಕೊಳ್ಳುತ್ತದೆ. ಈ ನಾಲ್ಕು ಲಕ್ಷಣಗಳನ್ನು ರೋಮ್‌ನ ಸೆಲ್ಸಸ್ ಕ್ರಿ.ಶ. ಒಂದನೆಯ ಶತಮಾನದಲ್ಲಿಯೇ ಬರೆದಿಟ್ಟಿದ್ದನು. ಆದರೆ ಊದಿದ ಜಾಗಕ್ಕೆ ದ್ರವವು ಯಾವ ದಾರಿಯಿಂದ ಬರುತ್ತದೆ ಎಂಬುದು ಕಣ್ಣಿಗೆ ಕಾಣಿಸಲು ಹತ್ತೊಂಬತ್ತು ಶತಮಾನಗಳೇ ಬೇಕಾದವು.

1867ರಲ್ಲಿ ಬರ್ಲಿನ್ನಿನ ಯೂಲಿಯಸ್ ಕೋನ್‌ಹೈಮ್, ಜೀವಂತ ಕಪ್ಪೆಯ ಕರುಳಿನ ತೆಳುಪೊರೆಯನ್ನು ಸೂಕ್ಷ್ಮದರ್ಶಕದಡಿ ಹರಡಿ ನೋಡಿದರು. ಬಿಳಿಯ ರಕ್ತಕಣಗಳು ನಾಳದ ಗೋಡೆಯನ್ನು ನುಸುಳಿ ಹೊರಬರುತ್ತಿದ್ದವು. ಉರಿಯೂತದ ಮೂಲವು ಗೋಡೆಯಲ್ಲಾಗುವ ಬದಲಾವಣೆಯಲ್ಲಿದೆ ಎಂದು ಅವರು ಮುಂದೆ ವಾದಿಸಿದರು. ಆ ಬದಲಾವಣೆಯನ್ನು ಮಾಡುವವರಾರು?

1910ರಲ್ಲಿ ಇಂಗ್ಲೆಂಡಿನ ಹೆನ್ರಿ ಡೇಲ್ ಮತ್ತು ಪ್ಯಾಟ್ರಿಕ್ ಲೇಡ್ಲಾ, ಹಿಸ್ಟಮಿನ್ ಎಂಬ ರಾಸಾಯನಿಕದ ಪರಿಣಾಮಗಳನ್ನು ವಿವರಿಸಿದರು. ಮೊದಲ ಮಹಾಯುದ್ಧದಲ್ಲಿ ಗಾಯಾಳು ಸೈನಿಕರು ಆಘಾತಕ್ಕೊಳಗಾಗಿ ಸಾಯುತ್ತಿದ್ದಾಗ, ಡೇಲ್‌ಗೆ ಈ ವಸ್ತುವೇ ನೆನಪಾಯಿತು. ಹಿಸ್ಟಮಿನ್ ಹೆಚ್ಚಾದರೆ ರಕ್ತದ ದ್ರವಾಂಶ ನಾಳಗಳಿಂದ ಸೋರಿ, ಉಳಿದ ರಕ್ತ ಗಟ್ಟಿಯಾಗುವುದನ್ನು ಅವರು 1919ರಲ್ಲಿ ತೋರಿಸಿದರು. ಗಾಯಾಳುಗಳ ಆಘಾತಕ್ಕೆ ಮುಖ್ಯ ಕಾರಣ ರಕ್ತನಷ್ಟವೇ ಎಂದು ಮುಂದೆ ತಿಳಿಯಿತು. ಆ ಊಹೆ ತಪ್ಪಿತಾದರೂ ಸೋರಿಕೆಯ ವಿಚಾರ ನಿಜವಾಗಿತ್ತು.

ಲಂಡನ್ನಿನ ಥಾಮಸ್ ಲೂಯಿಸ್ ಚರ್ಮವನ್ನೇ ಪ್ರಯೋಗಶಾಲೆ ಮಾಡಿಕೊಂಡರು. ಮೊಂಡಾದ ತುದಿಯಿಂದ ಬಲವಾಗಿ ಗೀರಿದರೆ ಮೊದಲು ಕೆಂಪುಗೆರೆ, ಬಳಿಕ ಸುತ್ತಲೂ ಹರಡುವ ಕೆಂಪು, ಕೊನೆಗೆ ಕೆಲವರಲ್ಲಿ ಉಬ್ಬಿದ ದದ್ದು. ಗಾಯಗೊಂಡ ಚರ್ಮವೇ ಹಿಸ್ಟಮಿನ್‌ನಂತಹ ವಸ್ತುವನ್ನು ಬಿಡುಗಡೆ ಮಾಡುತ್ತದೆ ಎಂದು 1927ರ ಗ್ರಂಥದಲ್ಲಿ ಅವರು ಪ್ರತಿಪಾದಿಸಿದರು. ಅದೇ ವರ್ಷ ಡೇಲ್ ಮತ್ತು ಸಂಗಡಿಗರು ತಾಜಾ ಯಕೃತ್ತು ಹಾಗೂ ಶ್ವಾಸಕೋಶದಿಂದ ಹಿಸ್ಟಮಿನ್ನನ್ನು ಬೇರ್ಪಡಿಸಿದರು. ಅದು ದೇಹದ ಸ್ವಂತ ವಸ್ತುವೆಂಬುದು ಸಿದ್ಧವಾಯಿತು.

ಆದರೂ ದ್ರವ ಹೊರಬರುವ ಬಾಗಿಲು ಕಂಡಿರಲಿಲ್ಲ. 1961ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಗ್ವಿಡೊ ಮಯ್ನೊ ಮತ್ತು ಜಾರ್ಜ್ ಪಲಾಡೆ ಇಲಿಗಳಿಗೆ ಹಿಸ್ಟಮಿನ್ ಚುಚ್ಚಿ, ರಕ್ತಕ್ಕೆ ಸೂಕ್ಷ್ಮ ಕಪ್ಪುಕಣಗಳನ್ನು ಸೇರಿಸಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕಿರುಸಿರೆಗಳ ಒಳಪದರದ ಕೋಶಗಳ ನಡುವೆ 0.1ರಿಂದ 0.8 ಮೈಕ್ರಾನ್ ಅಗಲದ ಬಿರುಕುಗಳು ತೆರೆದಿದ್ದವು. ಗೋಡೆ ಒಡೆದಿರಲಿಲ್ಲ; ಕಿಂಡಿಗಳು ತೆರೆದಿದ್ದವು. ಹಿಸ್ಟಮಿನ್ ತೆರೆದ ಕಿಂಡಿಗಳು ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮತ್ತೆ ಮುಚ್ಚಿಕೊಳ್ಳುತ್ತವೆ.

ಈ ಕಿಂಡಿಗಳ ಮೂಲಕವೇ ರಕ್ಷಕ ಪ್ರೋಟೀನುಗಳು ಗಾಯವನ್ನು ತಲುಪುತ್ತವೆ. ಆದ್ದರಿಂದ ಸಣ್ಣ ಊತ ದೇಹದ ವೈರಿಯಲ್ಲ. ಆದರೆ ಅಲರ್ಜಿಯಿರುವವರಿಗೆ ಜೇನು ಕುಟುಕಿದಾಗ ಮೈಯೆಲ್ಲ ಕಿಂಡಿಗಳು ಒಮ್ಮೆಲೇ ತೆರೆದರೆ ರಕ್ತದೊತ್ತಡ ಕುಸಿದು ಪ್ರಾಣವೇ ಹೋಗಬಹುದು. ಮೈತುಂಬ ದದ್ದು, ಉಸಿರುಕಟ್ಟುವಿಕೆ, ತಲೆಸುತ್ತು ಕಂಡರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಆಸ್ಪತ್ರೆಗೆ ಧಾವಿಸಬೇಕು. ಅಲ್ಲಿ ಮೊದಲು ಕೊಡುವ ಅಡ್ರಿನಲಿನ್ ಚುಚ್ಚುಮದ್ದು ರಕ್ತನಾಳಗಳನ್ನು ಬಿಗಿಗೊಳಿಸಿ, ಸೋರಿಕೆಯನ್ನು ತಗ್ಗಿಸಿ, ಉಸಿರಾಟವನ್ನು ಸರಾಗಗೊಳಿಸುತ್ತದೆ. ಕಪ್ಪೆಯ ಕರುಳಿನ ಪೊರೆಯನ್ನು ನೋಡುತ್ತ ಕುಳಿತವರ ತಾಳ್ಮೆಯ ಫಲ ಇಂದು ನಮ್ಮ ಮಕ್ಕಳ ಜೀವ ಕಾಯುತ್ತಿದೆ.