ಹೆಬ್ಬೆರಳಿನ ಪೆಟ್ಟು, ತಂತಿಯಡಿಯ ಕಿವಿ

ನಮ್ಮ ಕರಾವಳಿಯಲ್ಲಿ ಪಿಕಪ್ ಎಂದರೆ ಮೀನು ಹೇರಿಕೊಂಡು ಹೋಗುವ ಗಾಡಿ. ಗಿಟಾರಿಗೂ ಪಿಕಪ್ ಇರುತ್ತದೆ ಎಂದರೆ ನಗುವವರೇ ಹೆಚ್ಚು. ಕೆಲವು ವರ್ಷ ಹೊನ್ನಾವರ, ಕುಮಟಾ, ಭಟ್ಕಳದ ರಸಮಂಜರಿ ವೇದಿಕೆಗಳಲ್ಲಿ ಬೇಸ್ ಗಿಟಾರ್ ಹಿಡಿದು ನಿಂತವನು ನಾನು. ನಾಲ್ಕು ತಂತಿಯ ಈ ವಾದ್ಯವನ್ನು ಯಾರೂ ನೋಡುವುದಿಲ್ಲ, ನಿಂತರೆ ಮಾತ್ರ ಏನೋ ಕಡಿಮೆಯಾಯಿತೆಂದು ತಿರುಗುತ್ತಾರೆ. ಹೊನ್ನಾವರದಲ್ಲೇ ಹುಟ್ಟಿದ ಶಂಕರ್ ನಾಗ್ 1981ರಲ್ಲಿ ನಿರ್ದೇಶಿಸಿದ ‘ಗೀತಾ’ ಚಿತ್ರದ ಹಾಡುಗಳನ್ನು ಕೇಳಿ ನೋಡಿ. ಇಳಯರಾಜಾ ಅಲ್ಲಿ ಬೇಸ್ ಗಿಟಾರನ್ನು ತಾಳಕ್ಕೆ ಆಸರೆಯಾಗಿ ಮಾತ್ರ ಇಟ್ಟಿಲ್ಲ, ಹಾಡಿನ ಕೆಳಗೆ ಇನ್ನೊಂದು ಹಾಡನ್ನೇ ಹರಿಸಿದ್ದಾರೆ.

ಬೇಸ್ ಕಲಿಯುವ ಹುಡುಗರಿಗೆಲ್ಲ ಒಂದು ಹಂತದಲ್ಲಿ ‘ಸ್ಲ್ಯಾಪ್’ ಹುಚ್ಚು ಹಿಡಿಯುತ್ತದೆ. ಹೆಬ್ಬೆರಳ ಗಿಣ್ಣಿನಿಂದ ದಪ್ಪ ತಂತಿಗೆ ಬಡಿಯುವುದು, ತೋರುಬೆರಳಿನಿಂದ ತೆಳು ತಂತಿಯನ್ನು ಎಳೆದು ಬಿಡುವುದು. ‘ಎಲ್ಲಾ ಕೈಯಲ್ಲಿದೆ’ ಎಂದು ಹಿರಿಯರು ಹೇಳುತ್ತಾರೆ. ಅದು ಅರ್ಧ ಸತ್ಯ ಎಂದು ನನ್ನ ಅನಿಸಿಕೆ. ಇನ್ನರ್ಧ ತಂತಿಯಡಿಯ ಆ ಕಿವಿಯಲ್ಲಿದೆ.

ಯಕ್ಷಗಾನ ನೋಡಿದವರಿಗೆ ಇದು ಕಷ್ಟವಲ್ಲ. ಮದ್ದಳೆಯ ಬಲಮುಚ್ಚಿಗೆಯ ಎದುರಿದ್ದ ಮೈಕನ್ನು ಎಡಕ್ಕೆ ಸರಿಸಿದರೆ, ಮದ್ದಳೆಗಾರ ಕೈ ಬದಲಿಸದಿದ್ದರೂ ಸಭೆಗೆ ಬೇರೆಯೇ ಮದ್ದಳೆ ಕೇಳುತ್ತದೆ. ಪಿಕಪ್ ಕೂಡ ಹಾಗೆ ಒಂದು ಕಡೆ ನಿಂತು ಕೇಳುವ ಕಿವಿ. ಅಯಸ್ಕಾಂತದ ಸುತ್ತ ಕೂದಲೆಳೆಯಂಥ ತಾಮ್ರದ ತಂತಿ ಸುತ್ತಿರುತ್ತಾರೆ. ಮೇಲಿನ ಉಕ್ಕಿನ ತಂತಿ ನಡುಗಿದಾಗ ಅದರಲ್ಲಿ ವಿದ್ಯುತ್ತು ಹುಟ್ಟುತ್ತದೆ. ತಂತಿಯ ನಡುಭಾಗದ ಹತ್ತಿರ ಕುಳಿತ ಪಿಕಪ್ಪಿಗೆ ತುಂಬು ದನಿ ಕೇಳುತ್ತದೆ. ಕುದುರೆಯ, ಅಂದರೆ ಬ್ರಿಜ್ಜಿನ, ಪಕ್ಕದಲ್ಲಿದ್ದರೆ ಕಂಪನ ಚಿಕ್ಕದು, ದನಿ ತೆಳು, ಆದರೆ ಚೂಪು.

ತಂತಿಗೆ ಬಡಿಯುವುದು ಪಿಕಪ್ಪಿಗಿಂತ ಹಳೆಯ ರೂಢಿ. ನ್ಯೂ ಆರ್ಲಿಯನ್ಸಿನ ಜಾಸ್‌ನಲ್ಲಿ ಆಳೆತ್ತರದ ಡಬಲ್ ಬೇಸ್ ನುಡಿಸುವವರು ತಂತಿ ಎಳೆದು ಮರದ ಮೇಲೆ ಬಡಿಯುತ್ತಿದ್ದರು. ಮೈಕಿಲ್ಲದ ಕಾಲ, ಗದ್ದಲದ ನಡುವೆ ಕೇಳಿಸಬೇಕಲ್ಲ. ವಿದ್ಯುತ್ ಬೇಸ್‌ಗೆ ಈ ಪೆಟ್ಟನ್ನು ತಂದವರು ಲ್ಯಾರಿ ಗ್ರಹಾಂ. ಸ್ಯಾನ್ ಫ್ರಾನ್ಸಿಸ್ಕೋ ಕಡೆ ತಾಯಿ ಡೆಲ್ ಪಿಯಾನೋ ನುಡಿಸಿ ಹಾಡುತ್ತಿದ್ದರು, ಮಗ ಬೇಸ್ ಹಿಡಿಯುತ್ತಿದ್ದ. ತಂಡದಲ್ಲಿ ಡ್ರಮ್ಮಿನವನೇ ಇಲ್ಲ. ದೊಡ್ಡ ಡ್ರಮ್ಮಿನ ಬದಲು ಹೆಬ್ಬೆರಳ ಪೆಟ್ಟು, ಸ್ನೇರ್ ಡ್ರಮ್ಮಿನ ಬದಲು ಎಳೆದುಬಿಟ್ಟ ತಂತಿ. ಇಲ್ಲದವನ ಜಾಗ ತುಂಬಲು ಹುಟ್ಟಿದ ವಿದ್ಯೆ ಇದು. 1969ರ ಹೊತ್ತಿಗೆ ಸ್ಲೈ ಆ್ಯಂಡ್ ದ ಫ್ಯಾಮಿಲಿ ಸ್ಟೋನ್ ತಂಡದೊಂದಿಗೆ ಅದು ಅಮೆರಿಕದ ರೇಡಿಯೋಗಳಲ್ಲಿ ಮೊಳಗಿತು.

ವಾದ್ಯ ಮಾಡಿದವರ ತಲೆಯಲ್ಲಿ ಹೆಬ್ಬೆರಳಿನ ಯೋಚನೆಯೇ ಇರಲಿಲ್ಲ. ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ತಂದಾಗ ಅದರಲ್ಲಿದ್ದದ್ದು ಒಂದೇ ಪಿಕಪ್. 1957ರಲ್ಲಿ ಅದನ್ನು ಎರಡು ತುಂಡು ಮಾಡಿ, ಎರಡೆರಡು ತಂತಿಗೆ ಒಂದೊಂದರಂತೆ ಹಿಂದುಮುಂದಾಗಿ ಕೂರಿಸಿದರು. ಕರೆಂಟಿನ ಗುಂಯ್‌ ಸದ್ದು ಅಡಗಿತು. ಇದರ ಮೇಲೆ ಬಡಿದರೆ ಬರುವುದು ದಪ್ಪ, ಗಂಟಲು ತುಂಬಿದ ‘ಧಂ’. ಎಳೆದ ತಂತಿ ಅಷ್ಟು ಮಿಂಚುವುದಿಲ್ಲ, ಹಾಗಾಗಿ ಕೈ ಬಲವಾಗುತ್ತದೆ.

1960ರ ಜಾಸ್ ಬೇಸ್‌ನಲ್ಲಿ ಪಿಕಪ್ ಎರಡು, ಒಂದು ಕುದುರೆಯ ಬಳಿ, ಇನ್ನೊಂದು ಅದಕ್ಕಿಂತ ಮುಂದೆ. ಎರಡನ್ನೂ ಪೂರ್ತಿ ತೆರೆದರೆ ಒಂದು ವಿಚಿತ್ರ ನಡೆಯುತ್ತದೆ. ಕೆಲವು ಕಂಪನಗಳು ಒಂದು ಕಿವಿಯ ಬಳಿ ಏರುವಾಗ ಇನ್ನೊಂದರ ಬಳಿ ಇಳಿಯುತ್ತಿರುತ್ತವೆ. ಕೂಡಿಸಿದಾಗ ಒಂದನ್ನೊಂದು ಅಳಿಸುತ್ತವೆ. ಹೀಗೆ ಅಳಿಯುವುದರಲ್ಲಿ ಹೆಚ್ಚಿನದು ನಡುವಿನ ಸ್ವರಾಂಶ. ಉಳಿಯುವುದು ಕೆಳಗಿನ ಗುಡುಗು, ಮೇಲಿನ ಗಾಜಿನಂಥ ಕಿಡಿ. ಸ್ಲ್ಯಾಪ್ ಎಂದಾಗ ನಮ್ಮ ಕಿವಿಗೆ ಬರುವುದು ಹೆಚ್ಚಾಗಿ ಇದೇ ದನಿ. ಮಾರ್ಕಸ್ ಮಿಲ್ಲರ್ ಅವರ 1977ರ ಜಾಸ್ ಬೇಸ್ ಅದನ್ನು ಜಗತ್ತಿಗೆ ಪರಿಚಯಿಸಿತು. ಹಳೆಯ ಫೆಂಡರ್‌ಗಳ ಮೇಲೆ ಹೊಳೆಯುವ ಲೋಹದ ಮುಚ್ಚಳಗಳಿರುತ್ತಿದ್ದವು. ಕೈಗೆ ಅಡ್ಡವೆಂದು ಬಹಳ ಮಂದಿ ತೆಗೆದರು. (ಅದಕ್ಕೆ ‘ಆ್ಯಶ್‌ಟ್ರೇ’ ಎಂದೇ ಅಡ್ಡಹೆಸರು!) ಮಿಲ್ಲರ್ ಪಿಕಪ್ಪಿನ ಮುಚ್ಚಳವನ್ನು ಉಳಿಸಿಕೊಂಡೇ ನುಡಿಸಿದರು.

1976ರಲ್ಲಿ ಮ್ಯೂಸಿಕ್ ಮ್ಯಾನ್ ಕಂಪನಿಯ ಸ್ಟಿಂಗ್‌ರೇ ಬಂತು. ಕುದುರೆಯ ಕಡೆಗೆ ಒಂದೇ ದಪ್ಪ ಜೋಡಿಸುರುಳಿ ಪಿಕಪ್, ಒಳಗೆ ಬ್ಯಾಟರಿಯಿಂದ ನಡೆಯುವ ಪ್ರಿಆಂಪ್. ಲೂಯಿಸ್ ಜಾನ್ಸನ್ ಕೈಯಲ್ಲಿ ಅದು ಚಾಟಿಯಾಯಿತು. ಇಲ್ಲಿ ಭುಜದಿಂದ ಬಡಿಯಬೇಕಿಲ್ಲ, ಮಣಿಕಟ್ಟಿನ ಒಂದು ತಿರುವು ಸಾಕು, ಉಳಿದದ್ದನ್ನು ಬ್ಯಾಟರಿ ನೋಡಿಕೊಳ್ಳುತ್ತದೆ.

ದನಿಯಷ್ಟೇ ಮುಖ್ಯವಾದದ್ದು ಜಾಗ. ಹೆಬ್ಬೆರಳು ಬೀಳುವುದು ಕೊನೆಯ ಫ್ರೆಟ್ ಪಟ್ಟಿಗಳ ಮೇಲೆ. ತಂತಿ ಆ ಲೋಹಕ್ಕೆ ತಾಗಿದಾಗಲೇ ಆ ಕಣಕಣ. ಎಳೆಯುವ ಬೆರಳು ತಂತಿಯಡಿ ನುಸುಳಲು ಅಲ್ಲೇ ಮುಂದೆ ನಾಲ್ಕು ಬೆರಳಗಲ ಖಾಲಿ ಬೇಕು. ಗಿಬ್ಸನ್‌ನ ಇಬಿ-0 ಬೇಸ್‌ನಲ್ಲಿ ದೊಡ್ಡ ಪಿಕಪ್ ಕತ್ತಿಗೇ ಅಂಟಿಕೊಂಡಿದೆ. ಬೆರಳು ಇಳಿಸಿದರೆ ಪ್ಲಾಸ್ಟಿಕ್ ತಾಗುತ್ತದೆ, ದನಿಯೂ ಕಂಬಳಿ ಹೊದ್ದಂತೆ. ಪಿಕಪ್ ತೀರಾ ಎತ್ತರದಲ್ಲಿದ್ದರೆ ಪೆಟ್ಟಿಗೆ ತಂತಿ ಅದಕ್ಕೇ ಬಡಿದು ‘ಟಕ್’ ಎನ್ನುತ್ತದೆ. ಎರಡು ಸ್ಕ್ರೂ ತಿರುಗಿಸಿದರೆ ಮುಗಿಯುವ ಕೆಲಸಕ್ಕೆ ಕೈಯನ್ನು ದೂರುತ್ತ ಕೂತ ಹುಡುಗರನ್ನು ನಾನು ನೋಡಿದ್ದೇನೆ. ಕಡಲ ಉಪ್ಪುಗಾಳಿಯ ಊರುಗಳಲ್ಲಿ ಇನ್ನೊಂದು ಪೀಡೆ: ಉಕ್ಕಿನ ತಂತಿ ಬೇಗ ತುಕ್ಕು ಹಿಡಿದು ಮೊದಲು ಸಾಯುವುದು ಆ ಗಾಜಿನ ಕಿಡಿಯೇ. ಆಮೇಲೆ ಎಂಥ ಪಿಕಪ್ ಇದ್ದರೂ ಕೇಳಲು ಏನೂ ಉಳಿದಿರುವುದಿಲ್ಲ.

ನಮ್ಮ ವೇದಿಕೆಗಳಲ್ಲಿ ಈಗ ಕಥೆ ತಿರುಗಿದೆ. ಡ್ರಮ್ಮಿನ ಜಾಗಕ್ಕೆ ಪ್ಯಾಡ್ ಬಂದಿದೆ. ಸಂಭಾವನೆ ಸಾಲದಿದ್ದರೆ ಮೊದಲು ಬಿಡುವುದು ಬೇಸ್‌ನವನನ್ನು. ಕೀಬೋರ್ಡಿನವನ ಎಡಗೈ ಆ ಕೆಲಸ ಮಾಡುತ್ತದೆ. 1991ರಲ್ಲಿ ಕೀಬೋರ್ಡುಗಳಿಗೆ ಗೊತ್ತುಮಾಡಿದ ಜನರಲ್ ಮಿಡಿ ಪಟ್ಟಿಯ 128 ವಾದ್ಯದನಿಗಳಲ್ಲಿ 37 ಮತ್ತು 38ನೆಯವು ಸ್ಲ್ಯಾಪ್ ಬೇಸ್. ಗುಂಡಿ ಒತ್ತಿದರೆ ಯಾರದೋ ಹೆಬ್ಬೆರಳಿನ ಪೆಟ್ಟು ಬರುತ್ತದೆ. ಮುಂದಿನ ಸಲ ಹೊನ್ನಾವರದ ಮದುವೆಯೊಂದರಲ್ಲಿ ‘ಗೀತಾ’ದ ಹಾಡು ಬಂದರೆ, ಕೀಬೋರ್ಡಿನ ಹಿಂದೆ ಆ ಎಡಗೈ ಎಲ್ಲಿದೆ ಎಂದು ಸ್ವಲ್ಪ ಇಣುಕಿ ನೋಡಿ.