ಬರ್ಲಿನ್ನಿನ ಲೇತ್ ಮುಂದೆ ನಿಂತವರು

ಎಲೆಕ್ಟ್ರಾನಿಕ್ ಸಿಟಿಯ ಕಡೆ ದುಡಿಯುವವರ ಬಾಯಲ್ಲಿ ಒಂದು ಮಾತನ್ನು ಪದೇ ಪದೇ ಕೇಳುತ್ತೇನೆ: 'ನಮ್ಮದು ಜೀತ ಕಣ್ರೀ, ಎ.ಸಿ. ರೂಮಿನ ಜೀತ.' ಸಿಲ್ಕ್ ಬೋರ್ಡಿನಲ್ಲಿ ಮುಕ್ಕಾಲು ಗಂಟೆ ಸಿಕ್ಕಿಹಾಕಿಕೊಂಡವರು ಹಾಗಂದರೆ ತಪ್ಪೇನಿಲ್ಲ. ಆದರೆ ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ತಮ್ಮ ಆಫೀಸನ್ನು 'ಕಾನ್ಸಂಟ್ರೇಷನ್ ಕ್ಯಾಂಪ್' ಎಂದು ಕರೆಯುತ್ತಾರೆ. ಆಗ ನನಗೆ ಕಸಿವಿಸಿಯಾಗುತ್ತದೆ. ಏಕೆಂದರೆ ನಿಜವಾದ ಆ ಕ್ಯಾಂಪುಗಳ ಚರಿತ್ರೆಯಲ್ಲಿ ಬರುವ ಹೆಸರುಗಳು ನಮ್ಮ ಸುತ್ತಲಿನ ಬೋರ್ಡುಗಳ ಮೇಲೇ ಇವೆ. ಸೀಮೆನ್ಸ್ ಎಲೆಕ್ಟ್ರಾನಿಕ್ ಸಿಟಿಯಲ್ಲಿದೆ. ಮರ್ಸಿಡಿಸ್-ಬೆಂಝ್ ಸಂಶೋಧನಾ ಕೇಂದ್ರ ವೈಟ್‌ಫೀಲ್ಡಿನಲ್ಲಿದೆ. ಒಂದು ಬಡಾವಣೆಗೇ ಹೆಸರು ಕೊಟ್ಟ ನಮ್ಮ ಮೈಕೋ, ಈಗಿನ ಬಾಷ್. ಯುದ್ಧಕಾಲದ ಜರ್ಮನಿಯಲ್ಲಿ ಈ ಮೂರೂ ಕಂಪನಿಗಳು ಬಲವಂತದ ದುಡಿಮೆಗಾರರನ್ನು ಬಳಸಿಕೊಂಡಿದ್ದವು. ಇಂದು ಇಲ್ಲಿ ದುಡಿಯುವವರಿಗೂ ಆ ಪಾಪಕ್ಕೂ ಸಂಬಂಧವಿಲ್ಲ, ನಿಜ. ಆದರೆ ಗೇಟಿನೊಳಗೆ ದಿನಾ ಹೋಗುವವರು ಆ ಹೆಸರಿನ ಕಥೆಯನ್ನು ಒಮ್ಮೆಯಾದರೂ ಓದಬೇಕೆಂದು ನನ್ನ ಆಸೆ.

ಕ್ಯಾಂಪ್ ಎಂದೊಡನೆ ನಮಗೆ ಮುಳ್ಳುತಂತಿ, ಕಾವಲುಗೋಪುರ ನೆನಪಾಗುತ್ತವೆ. ಆದರೆ ಬರ್ಲಿನ್ ನಗರದ ಯಹೂದಿಗಳ ಮಟ್ಟಿಗೆ ಅದು ಶುರುವಾದದ್ದು ಮಾಮೂಲಿ ಕಾರ್ಖಾನೆಯಲ್ಲಿ. ಅಂಗಡಿ, ವಕೀಲಿಕೆ, ಸರಕಾರಿ ಕೆಲಸ ಎಲ್ಲವನ್ನೂ ಕಿತ್ತುಕೊಂಡ ಮೇಲೆ ಲೇಬರ್ ಆಫೀಸು ಅವರನ್ನು ಕಾರ್ಖಾನೆಗಳಿಗೆ ಹಂಚಿತು. ಮರೀ ಯಾಲೊವಿಚ್ ಎಂಬ ಹುಡುಗಿ 1940ರಲ್ಲಿ ಬರ್ಲಿನ್ನಿನ ಸ್ಪಾಂಡೌ ಪ್ರದೇಶದ ಸೀಮೆನ್ಸ್ ಕಾರ್ಖಾನೆ ಸೇರಿದಾಗ ಅವಳಿಗೆ 18 ವರ್ಷ. ವಕೀಲರ ಮಗಳು, ಓದಿನಲ್ಲಿ ಮುಂದು. ಅವಳನ್ನು ನಿಲ್ಲಿಸಿದ್ದು ಲೇತ್ ಮುಂದೆ. ಪೀಣ್ಯದ ಶೆಡ್ಡುಗಳಲ್ಲಿ ಲೇತ್ ಓಡಿಸುವವರಿಗೆ ಆ ಕೆಲಸ ಏನೆಂದು ನಾನು ವಿವರಿಸಬೇಕಿಲ್ಲ. ಎಣ್ಣೆಯ ವಾಸನೆ, ಕಬ್ಬಿಣದ ಚೂರು, ದಿನವಿಡೀ ನಿಂತ ಕಾಲು.

ನನ್ನನ್ನು ಹೆಚ್ಚು ಕಾಡಿದ್ದು ಅಲ್ಲಿನ ಕಾಗದಪತ್ರಗಳು. ಯಹೂದಿಗಳಿಗೆ ಸಂಬಳವಿತ್ತು, ಚೀಟಿಯಿತ್ತು, ಕಡಿತಗಳೂ ಇದ್ದವು. ಎಲ್ಲರಿಗೂ ಇದ್ದ ತೆರಿಗೆಯ ಮೇಲೆ ಅವರಿಗಷ್ಟೇ ನೂರಕ್ಕೆ 15ರ ವಿಶೇಷ ತೆರಿಗೆ. 1941ರ ಅಕ್ಟೋಬರಿನಲ್ಲಿ ಬಂದ ಆದೇಶದಂತೆ ಅವರದು 'ವಿಶೇಷ ಬಗೆಯ' ನೌಕರಿ. ಮಾಡಿದ ಕೆಲಸಕ್ಕಷ್ಟೇ ಕೂಲಿ. ಓವರ್‌ಟೈಮಿನ ಹೆಚ್ಚುವರಿ ಇಲ್ಲ, ಹಬ್ಬದ ರಜೆಗೆ ಹಣವಿಲ್ಲ. ಅದೇ ವರ್ಷದ ಸೆಪ್ಟೆಂಬರಿನಿಂದ ಎದೆಯ ಮೇಲೆ ಹಳದಿ ನಕ್ಷತ್ರ ಕಡ್ಡಾಯ. 1942ರಲ್ಲಿ ಟ್ರಾಮು, ಬಸ್ಸು ಬಂದ್. ಕೆಲಸದ ಜಾಗ ಮನೆಯಿಂದ 7 ಕಿಲೋಮೀಟರಿಗಿಂತ ದೂರವಿದ್ದರೆ ಮಾತ್ರ ಹತ್ತಬಹುದು, ಅದಕ್ಕೂ ಪರವಾನಗಿ ಬೇಕು. ದಣಿದ ಮನುಷ್ಯ 6 ಕಿಲೋಮೀಟರು ನಡೆಯಲಿ ಎಂದು ಯಾವನೋ ಗುಮಾಸ್ತ ಮೇಜಿನ ಮುಂದೆ ಕೂತು ಲೆಕ್ಕ ಹಾಕಿರಬೇಕಲ್ಲ! ಇನ್ನು ರಾಜೀನಾಮೆ ಕೊಡುವ ಹಕ್ಕಂತೂ ಇರಲೇ ಇಲ್ಲ. ಮರೀ 1941ರಲ್ಲಿ ಹೊರಬಂದದ್ದು ತನ್ನನ್ನು ಕೆಲಸದಿಂದ ತೆಗೆದುಹಾಕಿ ಎಂದು ತಾನೇ ಕೇಳಿಕೊಂಡು. ಮರುವರ್ಷ ಅವಳು ನಗರದೊಳಗೇ ತಲೆಮರೆಸಿಕೊಂಡಳು. ಹಾಗೇ ಬದುಕುಳಿದಳು.

ಉಳಿದವರು ತಮ್ಮ ಕಸುಬೇ ತಮ್ಮನ್ನು ಕಾಯುತ್ತದೆ ಎಂದು ನಂಬಿದ್ದರು. ಯುದ್ಧಸಾಮಗ್ರಿ ತಯಾರಿಸುವ ನುರಿತ ಕೈಗಳನ್ನು ಯಾರು ಕಳೆದುಕೊಳ್ಳುತ್ತಾರೆ? 1943ರ ಫೆಬ್ರವರಿ 27, ಶನಿವಾರ. ಬೆಳಗ್ಗೆಯೇ ಕಾರ್ಖಾನೆಗಳ ಗೇಟಿಗೆ ಲಾರಿಗಳು ಬಂದವು. ಮಷೀನುಗಳ ಮುಂದೆ ಇದ್ದವರನ್ನು ಇದ್ದ ಬಟ್ಟೆಯಲ್ಲೇ ಹತ್ತಿಸಿಕೊಂಡು ಹೋದರು. ಮಾರ್ಚ್ ಮೊದಲ ವಾರದಲ್ಲೇ ಸಾವಿರಾರು ಜನರನ್ನು ತುಂಬಿದ ರೈಲುಗಳು ಆಶ್ವಿಟ್ಜ್‌ಗೆ ಹೊರಟವು. ಅವರು ಬಿಟ್ಟುಹೋದ ಯಂತ್ರಗಳಿಗೆ ಬೇರೆ ದೇಶಗಳಿಂದ ಹಿಡಿದು ತಂದ ಕೂಲಿಗಳು ಬಂದರು.

ಹೀಗೆ ಹೋದವರಲ್ಲಿ ನಾರ್ಬರ್ಟ್ ವೋಲ್‌ಹೈಮ್ ಒಬ್ಬ. ಬರ್ಲಿನ್ನಿನಲ್ಲಿ ಬಲವಂತದ ದುಡಿಮೆಯಲ್ಲಿ ವೆಲ್ಡಿಂಗ್ ಕಲಿತವನು. ಹೆಂಡತಿ, ಮೂರು ವರ್ಷದ ಮಗನೊಂದಿಗೆ ಅದೇ ಮಾರ್ಚಿನಲ್ಲಿ ಆಶ್ವಿಟ್ಜ್‌ಗೆ ಬಂದ. ಅವರಿಬ್ಬರನ್ನೂ ಕೊಂದರು. ಅವನನ್ನು ಮೊನೊವಿಟ್ಜ್‌ಗೆ ಕಳಿಸಿದರು. ಐ.ಜಿ. ಫಾರ್ಬೆನ್ ಕಂಪನಿ ಕೃತಕ ರಬ್ಬರ್ ಕಾರ್ಖಾನೆ ಕಟ್ಟುತ್ತಿದ್ದ ಜಾಗ ಅದು. ಯುದ್ಧದ ನಂತರ ಈ ಕಂಪನಿಯನ್ನು ಒಡೆದಾಗ ಮತ್ತೆ ತಲೆಯೆತ್ತಿದವುಗಳಲ್ಲಿ ಬಾಯರ್, ಬಿ.ಎ.ಎಸ್.ಎಫ್. ಸೇರಿವೆ, ಎರಡನೆಯದರ ಘಟಕ ನಮ್ಮ ಮಂಗಳೂರಿನ ಬಾಳದಲ್ಲಿದೆ. ಮೊನೊವಿಟ್ಜ್‌ನಲ್ಲಿ ಪ್ರತಿ ಕೈದಿಗೆ ಕಂಪನಿ ಎಸ್.ಎಸ್. ಪಡೆಗೆ ದಿನದ ಬಾಡಿಗೆ ಕೊಡುತ್ತಿತ್ತು: ಕಸುಬು ಬಲ್ಲವನಿಗೆ 4 ಮಾರ್ಕ್, ಬಾರದವನಿಗೆ 3, ಮಕ್ಕಳಿಗೆ ಒಂದೂವರೆ. ಕೈದಿಗೆ ಸೊನ್ನೆ. ಇಟಲಿಯ ರಸಾಯನಶಾಸ್ತ್ರಜ್ಞ ಪ್ರಿಮೋ ಲೆವಿ ಇದ್ದದ್ದೂ ಅಲ್ಲಿಯೇ. ಬಹಳಷ್ಟು ಮಂದಿ ಕೆಲವೇ ತಿಂಗಳಲ್ಲಿ ಸತ್ತರು ಅಥವಾ ದುಡಿಯಲಾಗದೆ ಗ್ಯಾಸ್ ಚೇಂಬರಿಗೆ ಹೋದರು. ಆ ಕಾರ್ಖಾನೆಯಿಂದ ಒಂದು ತುಂಡು ಕೃತಕ ರಬ್ಬರೂ ಹೊರಬರಲಿಲ್ಲ.

ಇದನ್ನು ಕನ್ನಡದಲ್ಲಿ ಏನೆಂದು ಕರೆಯುವುದು? ಬಿಟ್ಟಿ ಚಾಕರಿ ಎಂದರೆ ಹಗುರವಾಯಿತು. ಜೀತ ಎನ್ನೋಣವೇ? ನಮ್ಮಲ್ಲಿನ ಜೀತದ ಕ್ರೌರ್ಯವನ್ನು ಕಡಿಮೆ ಮಾಡುವ ಇರಾದೆ ನನಗಿಲ್ಲ; 1976ರ ಕಾಯ್ದೆ ಬಂದ ಮೇಲೂ ಇಟ್ಟಿಗೆ ಗೂಡುಗಳಿಂದ, ಕಲ್ಲು ಕ್ವಾರಿಗಳಿಂದ ಜನರನ್ನು ಬಿಡಿಸಿದ ಸುದ್ದಿ ಓದುತ್ತಲೇ ಇದ್ದೇವೆ. ಆದರೆ ಜೀತದಾಳು ಸತ್ತರೆ ಧಣಿಗೆ ದುಡಿಯುವ ಕೈಯೊಂದು ನಷ್ಟವಾಗುತ್ತದೆ. ಮೊನೊವಿಟ್ಜ್‌ನಲ್ಲಿ ಕೈದಿ ಸತ್ತರೆ ನಾಳೆ ಇನ್ನೊಬ್ಬ ಬರುತ್ತಿದ್ದ, ಅದೇ ಬಾಡಿಗೆಗೆ. ಇವರ ಪರವಾಗಿ ಕಂಪನಿಗಳೊಡನೆ ಹೋರಾಡಿದ ವಕೀಲ ಬೆಂಜಮಿನ್ ಫೆರೆಂಟ್ಸ್ 1979ರಲ್ಲಿ ಬರೆದ ಪುಸ್ತಕಕ್ಕೆ ಇಟ್ಟ ಹೆಸರಿನ ಅರ್ಥವೇ 'ಗುಲಾಮರಿಗಿಂತ ಕಡೆ' ಎಂದು.

ಎಲ್ಲ ಕಂಪನಿಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೂ ಸುಲಭವಲ್ಲ. ಬಾಷ್ ಕಂಪನಿಯ ಮುಖ್ಯಸ್ಥ ಹಾನ್ಸ್ ವಾಲ್ಟ್ಸ್ ಗುಟ್ಟಾಗಿ ಯಹೂದಿಗಳಿಗೆ ನೆರವಾದವರು. 1969ರಲ್ಲಿ ಇಸ್ರೇಲಿನ ಯಾದ್ ವಾಶೆಮ್ ಅದಕ್ಕಾಗಿ ಅವರನ್ನು ಗೌರವಿಸಿತು. ಅವರದೇ ಕಂಪನಿಯಲ್ಲಿ ಸುಮಾರು 20,000 ಜನ ಬಲವಂತದ ದುಡಿಮೆಗಾರರಿದ್ದರು.

ಅತ್ತ ಇದು ನಡೆಯುತ್ತಿದ್ದಾಗ ಇತ್ತ ಬೆಂಗಳೂರಿನಲ್ಲಿ ಒಬ್ಬ ಬರ್ಲಿನ್ ಯಹೂದಿ ಕಟ್ಟಡಗಳ ನಕ್ಷೆ ಬರೆಯುತ್ತಿದ್ದರು. ಓಟ್ಟೊ ಕ್ಯೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸರಕಾರದ ವಾಸ್ತುಶಿಲ್ಪಿಯಾಗಿ ಇಲ್ಲಿಗೆ ಬಂದವರು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಅವರ ಕಟ್ಟಡಗಳಿವೆ. ಅವರಿಗೊಂದು ದಾರಿ ಸಿಕ್ಕಿತು, ಅಷ್ಟೇ.

ನ್ಯೂರೆಂಬರ್ಗ್ ನ್ಯಾಯಾಲಯ 1948ರಲ್ಲಿ ಐ.ಜಿ. ಫಾರ್ಬೆನ್ನಿನ 13 ಮಂದಿಗೆ ಶಿಕ್ಷೆ ಕೊಟ್ಟಿತು. ಅತಿ ಹೆಚ್ಚೆಂದರೆ 8 ವರ್ಷ. ಬದುಕಿ ಬಂದ ವೋಲ್‌ಹೈಮ್ 1951ರಲ್ಲಿ ಕಂಪನಿಯ ಮೇಲೆ ದಾವೆ ಹೂಡಿದ. ಕೈದಿಗಳನ್ನು ಕೊಟ್ಟದ್ದು ಎಸ್.ಎಸ್., ನಮ್ಮ ಕೈಯಲ್ಲಿ ಏನೂ ಇರಲಿಲ್ಲ ಎಂಬುದು ಕಂಪನಿಯ ವಾದ. ನಿನ್ನ ಕೆಳಗೆ ದುಡಿದವನ ಜೀವ ಕಾಯುವ ಹೊಣೆ ನಿನ್ನದೇ ಎಂಬ ನಿಲುವು ತಳೆದ ಫ್ರಾಂಕ್‌ಫರ್ಟ್ ನ್ಯಾಯಾಲಯ 1953ರಲ್ಲಿ ಅವನಿಗೆ 10,000 ಮಾರ್ಕ್ ಕೊಡಿಸಿತು. 1957ರಲ್ಲಿ ಕಂಪನಿ ಉಳಿದವರಿಗಾಗಿ 3 ಕೋಟಿ ಮಾರ್ಕ್ ಕೊಟ್ಟು ರಾಜಿಯಾಯಿತು. ಸೀಮೆನ್ಸ್ 1962ರಲ್ಲಿ ಸುಮಾರು 70 ಲಕ್ಷ ಮಾರ್ಕ್ ಕೊಟ್ಟಿತು, ಕಾನೂನಿನ ಹೊಣೆಯನ್ನು ಮಾತ್ರ ಒಪ್ಪಿಕೊಳ್ಳದೆ.

ಜರ್ಮನ್ ಸರಕಾರ ಮತ್ತು ಉದ್ದಿಮೆಗಳು ಅರ್ಧರ್ಧ ಹಾಕಿ 1,000 ಕೋಟಿ ಮಾರ್ಕ್‌ಗಳ ಪ್ರತಿಷ್ಠಾನ ಸ್ಥಾಪಿಸಿದ್ದು 2000ದಲ್ಲಿ. 16 ಲಕ್ಷಕ್ಕೂ ಹೆಚ್ಚು ಜನರಿಗೆ ಹಣ ಹಂಚಿ ಮುಗಿದಾಗ 2007. ಕ್ಯಾಂಪಿನಲ್ಲಿ ದುಡಿದವರಿಗೆ ತಲೆಗೆ ಹೆಚ್ಚೆಂದರೆ 15,000 ಮಾರ್ಕ್. ಲೇತ್ ಮುಂದೆ ನಿಂತಿದ್ದ ಮರೀ, ವೆಲ್ಡಿಂಗ್ ಕಲಿತ ವೋಲ್‌ಹೈಮ್ ಇಬ್ಬರೂ ತೀರಿಕೊಂಡದ್ದು 1998ರಲ್ಲಿ.